ಬೀರುವಿನೊಳಗಿನ ಎಂ.ಇ.

ಅಮ್ಮಾಪೇಟೆ, ಸೇಲಂ
21-9-2025, ಭಾನುವಾರ

ಪ್ರೀತಿಯ ಸಂಧ್ಯಾ,

ನೀನು ಮೂರು ಸಲ ಫೋನ್ ಮಾಡಿದೆ, ನಾನು ಮೂರು ಸಲವೂ ಎತ್ತಲಿಲ್ಲ. ಮೊದಲು ಅದಕ್ಕೆ ಕ್ಷಮಿಸು, ಕ್ಷೇಮ ಸಮಾಚಾರ ಆಮೇಲೆ. ನಿನ್ನ ಮೆಸೇಜನ್ನೂ ನೋಡಿದೆ. "ತಮಿಳ್‌ಸೆಲ್ವಿಯ ಮಾರ್ಕಿಗೆ ಸರ್ಕಾರಿ ಕಾಲೇಜಿನಲ್ಲಿ ಎಂ.ಇ. ಸೀಟು ಬರಲೇಬೇಕಿತ್ತಲ್ಲ, ಯಾಕೆ ಬರಲಿಲ್ಲ?" ಅಂತ ಕೇಳಿದ್ದೀಯ. ನಿನ್ನ ಅಣ್ಣನ ಮಗಳು, ನೀನು ಕೇಳುವುದು ನ್ಯಾಯವೇ. ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೆ ನನಗೆ ಸರಿಯಾಗಿ ಮಾತು ಬರುವುದಿಲ್ಲ, ಅದಕ್ಕೇ ಕಾಗದ ಹಿಡಿದಿದ್ದೇನೆ.

ಕನ್ನಡದಲ್ಲಿ ಬರೆದು ಎಷ್ಟು ವರ್ಷವಾಯಿತೋ. ಹಾಸ್ಟೆಲಿನಲ್ಲಿ ವಾರ್ಡನ್ನಿಗೆ ಗೊತ್ತಾಗಬಾರದೆಂದು ನಾವಿಬ್ಬರೂ ಚೀಟಿ ಬರೆದುಕೊಳ್ಳುತ್ತಿದ್ದೆವಲ್ಲ, ಆಮೇಲೆ ಈಗಲೇ. ನೀನು ಹೊಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು, ನಾನು ಅಜ್ಜಿಯ ಪಕ್ಕ ಕೂತು ಅಕ್ಷರ ಕಲಿತವಳು. ತಪ್ಪಿದ್ದರೆ ನಗಬೇಡ. ನಮ್ಮ ಮನೆಯವರು ಕೃಷ್ಣಪ್ರಸಾದ್ ಮನೆಯಲ್ಲಿ ಮಾತಾಡುವುದು ಕನ್ನಡವೇ ಆದರೂ ಒಂದಕ್ಷರ ಓದಲು ಬಾರದು. ಈ ಕಾಗದದ ಮಟ್ಟಿಗೆ ಅದೂ ಒಂದು ಅನುಕೂಲ.

ನಾವೆಲ್ಲ ಚೆನ್ನಾಗಿದ್ದೇವೆ. ಅವರು ನೂಲಿನ ಅಂಗಡಿ, ನಾನು ಕಾಲೇಜು, ಮಗಳು ಏಳನೇ ಕ್ಲಾಸು. ನಾನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ತಿರುಗಿ ಬೈಯುವಷ್ಟು ಬೆಳೆದಿದ್ದಾಳೆ. ಅಪ್ಪನಿಗೆ ಎಪ್ಪತ್ತೊಂದು. ಈಗಲೂ ಬೆಳಿಗ್ಗೆ ಎರಡು ಗಂಟೆ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂರದಿದ್ದರೆ ಅವರಿಗೆ ಕಾಫಿ ಇಳಿಯುವುದಿಲ್ಲ. ನಿನ್ನ ತೂತುಕುಡಿ ಹೇಗಿದೆ? ಬಂದರಿನ ಗೋಡೆ ಕಟ್ಟುವ ಕೆಲಸ ಮುಗಿಯಿತೇ? ನೀನು ತಲೆಗೆ ಹಳದಿ ಟೋಪಿ ಹಾಕಿಕೊಂಡು ನಿಂತ ಫೋಟೋವನ್ನು ಅಪ್ಪನಿಗೆ ತೋರಿಸಿದೆ. "ನೋಡು, ಓದಿದ್ ಓದ್ನ ಕೈಲಿ ಇಡ್ಕೊಂಡವ್ಳೆ" ಅಂದರು. ಹೊಗಳಿದ್ದು ನಿನ್ನನ್ನು. ಬೈದದ್ದು ಯಾರನ್ನು ಅಂತ ನನಗೆ ಗೊತ್ತಾಯಿತು.

ಈಗ ಒಳ್ಳೆಯ ಸುದ್ದಿ ಹೇಳುತ್ತೇನೆ. ನಾನು ಕಾಲೇಜು ಬಿಡುತ್ತಿದ್ದೇನೆ. ಅಕ್ಟೋಬರ್ ಆರಕ್ಕೆ ಕೊಯಮತ್ತೂರಿನಲ್ಲಿ ಕಾಂಕ್ರೀಟ್ ಪರೀಕ್ಷೆ ಮಾಡುವ ಒಂದು ಲ್ಯಾಬಿಗೆ ಸೇರಬೇಕು. ಹಳೆಯ ಸೇತುವೆಗಳ ಕಂಬದಿಂದ ತುಂಡು ಕೊರೆದು ತಂದು, ಇನ್ನೆಷ್ಟು ತಾಳುತ್ತದೆ ಎಂದು ನೋಡುವ ಕೆಲಸ. ವಾರಕ್ಕೊಮ್ಮೆ ಮನೆಗೆ ಬರುತ್ತೇನೆ. ಸಂದರ್ಶನದಲ್ಲಿ ನನ್ನ ಎಂ.ಇ. ಪ್ರಾಜೆಕ್ಟಿನ ಬಗ್ಗೆಯೇ ಅರ್ಧ ಗಂಟೆ ಕೇಳಿದರು ಕಣೇ! ಹದಿನಾಲ್ಕು ವರ್ಷದಲ್ಲಿ ಅದರ ಬಗ್ಗೆ ಒಬ್ಬರು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಉತ್ತರ ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು. ಎದುರಿಗಿದ್ದವರು ಎ.ಸಿ. ಕಡಿಮೆ ಮಾಡಿಸಿದರು.

ನಿನಗೆ ನೆನಪಿದೆಯಾ, ಮೇಟ್ಟೂರಿನಿಂದ ಹಾರುಬೂದಿಯ ಚೀಲ ತಂದ ದಿನ? ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಕೇಳಿದಾಗ ನೀನು "ಇದು ಸತ್ತವರ ಬೂದಿಯಲ್ಲ ಅಣ್ಣಾ, ಸಿಮೆಂಟಿಗೆ ಹಾಕೋ ಬೂದಿ" ಅಂತ ತಮಿಳಿನಲ್ಲಿ ವಿವರಿಸಲು ಹೋಗಿ ಬಸ್ಸಿನವರೆಲ್ಲ ಎದ್ದು ಜಾಗ ಬಿಟ್ಟರು. ಅಚ್ಚಿಗೆ ಕಲಸಿ ಹಾಕುವುದು, ನೀರಿನ ತೊಟ್ಟಿಯಲ್ಲಿ ಇಪ್ಪತ್ತೆಂಟು ದಿನ ನೆನೆಸಿಡುವುದು, ಆಮೇಲೆ ಯಂತ್ರದಲ್ಲಿಟ್ಟು ಒಡೆಯುವುದು. ಒಡೆಯುವಾಗ ಬರುವ ಆ ಸದ್ದಿಗೆ ಕಾದು ನಿಂತಿರುತ್ತಿದ್ದೆವು. ನಮ್ಮ ಗೈಡ್ ಶಿವರಾಮನ್ ಸರ್ ಒಂದು ತಪ್ಪು ಅಂಕಿ ಬರೆದರೂ ಇಡೀ ಪುಟ ಹರಿದುಹಾಕಿಸುತ್ತಿದ್ದರು. ನನ್ನ ಜೀವನದಲ್ಲಿ ನಾನು ಬುದ್ಧಿವಂತೆ ಎಂದು ನನಗೇ ಅನ್ನಿಸಿದ್ದು ಆ ಎರಡು ವರ್ಷ ಮಾತ್ರ.

ಆಮೇಲೆ ಏನಾಯಿತು ಹೇಳು? ನೀನು ಹಟ ಹಿಡಿದು ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಇಲಾಖೆಗೆ ಹೋದೆ. ನನ್ನ ಎಂ.ಇ. ಲಗ್ನಪತ್ರಿಕೆಗೆ ಹೋಯಿತು. ನಮ್ಮ ಕಡೆ ಹೆಸರಿನ ಜೊತೆ ಓದು ಅಚ್ಚು ಹಾಕಿಸದಿದ್ದರೆ ಮದುವೆ ಆದಂತೆಯೇ ಅಲ್ಲವಲ್ಲ. ಇಂದುಜಾ, ಎಂ.ಇ., ಬಂಗಾರದ ಬಣ್ಣದಲ್ಲಿ. ಹೆಣ್ಣು ನೋಡಲು ಬಂದಾಗಲೇ ನಮ್ಮತ್ತೆ ಪೊನ್ನಮ್ಮ ತೀರ್ಮಾನ ಹೇಳಿದ್ದರು: "ಎಂ.ಇ. ಆದ್ರೆ ಕಾಲೇಜ್‌ಲಿ ಟೀಚರ್ ವೇಲೆ ಸಿಕ್ತೈತೆ. ಸಾಯಂಕಾಲ ಐದ್ಗಂಟ್ಗೆ ಮನೇಲಿರ್ತಾಳೆ. ಸೈಟ್ ಗೀಟ್ ಅಂತ ಬಿಸ್ಲಲ್ಲಿ ನಿಲ್ಲೋದ್ ಬ್ಯಾಡ." ಯಾರೂ ಬಲವಂತ ಮಾಡಲಿಲ್ಲ. ನಾನೇ ತಲೆಯಾಡಿಸಿದೆ. ಬಿ.ಇ. ಮುಗಿಸಿ ನಿಂತಿದ್ದರೆ ಸೈಟಿಗೆ ಹೋಗುತ್ತಿದ್ದೆನೋ ಏನೋ. ಹೆಚ್ಚು ಓದಿದ್ದಕ್ಕೇ ನೆರಳು ಸಿಕ್ಕಿತು, ನೆರಳಿನಲ್ಲೇ ಕೂತುಬಿಟ್ಟೆ.

ನನ್ನ ಕಾಲೇಜಿನ ಪದ್ಧತಿ ನಿನಗೆ ಪೂರ್ತಿ ಹೇಳಿದ್ದೇನೋ ಇಲ್ಲವೋ. ಸೇರುವ ದಿನವೇ ಹತ್ತನೇ ತರಗತಿಯ ಅಂಕಪಟ್ಟಿಯಿಂದ ಎಂ.ಇ. ಪದವಿಪತ್ರದವರೆಗೆ ಎಲ್ಲದರ ಒರಿಜಿನಲ್ ಆಫೀಸಿಗೆ ಒಪ್ಪಿಸಬೇಕು. ನೀಲಿ ಫೈಲಿಗೆ ಹಾಕಿ, ನಂಬರು ಬರೆದು, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ನನ್ನದು ನಲವತ್ತೊಂದನೇ ನಂಬರು. ಬಿಟ್ಟು ಹೋಗಬೇಕಾದರೆ ಅವರು ಕೊಡಬೇಕು, ಅವರಾಗಿ ಕೊಡುವುದಿಲ್ಲ. ಪದವಿ ನಮ್ಮದು, ಕಾಗದ ಅವರದು. ಅದಿಲ್ಲದೆ ಬೇರೆ ಯಾರೂ ನಮ್ಮನ್ನು ಎಂ.ಇ. ಎಂದು ನಂಬುವುದಿಲ್ಲ.

ಇನ್ನು ಕೆಲಸ. ಪಾಠ ಮಾಡುವುದಕ್ಕಿಂತ ಹೆಚ್ಚು ನಾವು ಮಾಡುವುದು ಮಕ್ಕಳನ್ನು ಹಿಡಿದು ತರುವುದು. ಏಪ್ರಿಲ್ ಬಂತೆಂದರೆ ಊರೂರಿಗೆ ಹೋಗಬೇಕು, ಮನೆ ಮನೆ ಬಾಗಿಲು ತಟ್ಟಬೇಕು. ಊರು ಹಂಚುವುದು ಭಾಷೆ ನೋಡಿ. ತೆಲುಗು ಮಾತಾಡುವ ಮೇಷ್ಟರಿಗೆ ತೆಲುಗರ ಊರು, ನನಗೆ ಪೆನ್ನಾಗರಂ ಕಡೆಯ ಕನ್ನಡದವರ ಊರು. ತಮಿಳಿನಲ್ಲಿ ಹೇಳಿದರೆ ಹತ್ತು ಪ್ರಶ್ನೆ ಕೇಳುವವರು, ಕನ್ನಡದಲ್ಲಿ "ಏನಣ್ಣಾ, ಚೆನ್ನಾಗಿದ್ದೀರಾ?" ಎಂದರೆ ಒಳಗೆ ಕರೆದು ಚಾಪೆ ಹಾಸುತ್ತಾರೆ. ಶಾಲೆಯಲ್ಲಿ ಇಲ್ಲದ ಭಾಷೆ, ಆಫೀಸಿನಲ್ಲಿ ಇಲ್ಲದ ಭಾಷೆ, ಅಡುಗೆಮನೆಯಲ್ಲಿ ಮಾತ್ರ ಉಳಿದ ಭಾಷೆ. ಅದನ್ನಾಡುವ ಓದಿದ ಹೆಂಗಸು ಬಾಗಿಲಿಗೆ ಬಂದರೆ ಅವರಿಗೆ ತವರಿನವಳು ಬಂದಂತೆ. ಮೊದಲ ವರ್ಷ ನನಗೆ ಅದು ಹೆಮ್ಮೆಯಾಗಿತ್ತು. ಈಗ ಆ ಚಾಪೆ ಕಂಡರೆ ಮೈ ಉರಿಯುತ್ತದೆ.

ಜುಲೈಯಲ್ಲಿ ನಾನು ಕರೆಸ್ಪಾಂಡೆಂಟರ ಹತ್ತಿರ ಹೋದೆ. ಕಾಲೇಜು ನಡೆಸುವ ಮನೆತನದವರು ಅವರು. ಎಲ್ಲ ಸಹಿಯೂ ಅವರದೇ. ಕೊಯಮತ್ತೂರಿನ ವಿಷಯ ಹೇಳಿ ಫೈಲು ಕೇಳಿದೆ. ಬೈಯಲಿಲ್ಲ. ಟೀ ತರಿಸಿದರು. "ನಮ್ಮ ಎಂ.ಇ. ಸಿವಿಲ್‌ಗೆ ಎರಡು ವರ್ಷದಿಂದ ಒಬ್ಬರೂ ಸೇರಿಲ್ಲ ಮೇಡಂ. ಈ ವರ್ಷವೂ ಸೊನ್ನೆ ಎಂದರೆ ಕೋರ್ಸೇ ಹೋಗುತ್ತದೆ. ಒಬ್ಬರನ್ನು ತನ್ನಿ, ಫೈಲು ತಗೊಂಡು ಹೋಗಿ" ಅಂದರು. ಒಬ್ಬರು ಸಾಕಂತೆ. ಕೇಳಿದರೆ ಸಣ್ಣ ವಿಷಯ, ಅಲ್ಲವೇ?

ಆ ಹೊತ್ತಿಗೆ ತಮಿಳ್‌ಸೆಲ್ವಿಯ ಅರ್ಜಿ ನಾನೇ ತುಂಬಿ ಕಳಿಸಿಯಾಗಿತ್ತು. "ನಮ್ಮ ಲ್ಯಾಬೇ ಅವಳಿಗೂ ಸಿಗಲಿ, ಅವಳ ಜವಾಬ್ದಾರಿ ನಿನ್ನದು" ಎಂದು ನೀನು ಜೂನಿನಲ್ಲಿ ಹೇಳಿದೆಯಲ್ಲ. ನಮ್ಮ ಮನೆಯ ಮೇಜಿನ ಮುಂದೆಯೇ ಕೂತು ಅರ್ಜಿ ಹಾಕಿದೆವು. ಆಯ್ಕೆಯ ಕಾಲೇಜು ಎಷ್ಟು ಬೇಕಾದರೂ ಬರೆಯಬಹುದು ಎಂದರೂ ಅವಳು ಒಂದನ್ನೇ ಬರೆಸಿದಳು, ನಾವು ಓದಿದ ಸರ್ಕಾರಿ ಕಾಲೇಜು. "ಅತ್ತೆ ಓದಿದ್ ಕಡೆ ಸಿಕ್ಕುದ್ರೆ ಓತೀನಿ, ಇಲ್ದಿದ್ರೆ ವೇಲೆಗ್ ಓತೀನಿ" ಅಂದಳು. ನಿನ್ನ ಹಟವೇ, ಮೂಗೂ ನಿನ್ನದೇ.

ಆಗಸ್ಟ್ ಹದಿನೆಂಟರಂದು ನಿನ್ನ ಊರಿಗೆ ಹೋದೆ. ಪೆನ್ನಾಗರದಲ್ಲಿ ಬಸ್ಸಿಳಿದು ಷೇರ್ ಆಟೋ ಹಿಡಿದು, ಕೊನೆಗೆ ನಡೆದು. ನಿನ್ನ ಅಪ್ಪ ದೊಡ್ಡಮುನಿಯಪ್ಪನವರು ಆಡಿನ ದೊಡ್ಡಿಯ ಹತ್ತಿರ ಕೂತಿದ್ದರು. ಕಣ್ಣು ಸ್ವಲ್ಪ ಮಂಜಾಗಿದೆ, ಆದರೂ ನನ್ನ ಮಾತು ಕೇಳಿಯೇ ಗುರುತು ಹಿಡಿದರು.

"ಸಂಧ್ಯನ ಜೊತೇಲಿ ಇದ್ಯಲ್ಲ, ಸೇಲಂ ಮಗು. ಬಾರಮ್ಮ, ಕುಂತ್ಕೋ."

ನಿನ್ನ ಅಮ್ಮ ಮುನಿಶಾಮಮ್ಮ ಮಜ್ಜಿಗೆ ತಂದರು. ನಿನ್ನ ಪಳನಿ ಅಣ್ಣ ಹೊಲದಿಂದ ಬಂದು ಕಾಲು ತೊಳೆದು ಎದುರಿಗೆ ಕೂತರು. ಸರ್ಕಾರಿ ಸೀಟು ಬರಲಿಲ್ಲ, ನಮ್ಮ ಕಾಲೇಜಿನಲ್ಲಿ ಎಂ.ಇ. ಇದೆ, ಅಲ್ಲಿಗೆ ಸೇರಿಸಿ ಎಂದು ಹೇಳಿದೆ. ಅಣ್ಣ, "ಸಂಧ್ಯನ್ನ ಒಂದ್ ಮಾತು ಕೇಳ್ಬುಟ್ಟು ಏಳ್ತೀನಿ" ಅಂದರು. ಅಲ್ಲಿ ಸಿಗ್ನಲ್ ಇಲ್ಲ. ಫೋನ್ ಮಾಡಲು ಪೆನ್ನಾಗರಕ್ಕೇ ಬರಬೇಕು. ನಾನು ಹೇಳಿದೆ, "ಸಂಧ್ಯಾನೇ ನನ್ನನ್ನ ಕಳಿಸಿದ್ದು ಅಣ್ಣಾ."

ನೀನು ಕಳಿಸಿರಲಿಲ್ಲ. ಆ ಸುಳ್ಳನ್ನು ಹೇಳಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ ಕಣೇ.

ಪಳನಿ ಅಣ್ಣನ ಮುಖ ತಿಳಿಯಾಯಿತು. "ಅಪ್ಪಡಿಯಾ? ಅಂಗಾದ್ರೆ ಇನ್ನೇನ್ ಕೇಳಾದೈತೆ. ಬೇರೆಯವ್ರು ಬಂದಿದ್ರೆ ಯೋಚ್ನೆ ಮಾಡ್ತಿದ್ದೆ. ನೀನು ನಮ್ ಮಾತಾಡೋವ್ಳು, ನಮ್ ಮಗೀನ ಎಲ್ಲೋ ತಳ್ಬುಡ್ತೀಯಾ?" ಎಂದು ಎದ್ದು ಒಳಗಿನ ಟ್ರಂಕಿನಿಂದ ಅವಳ ಸರ್ಟಿಫಿಕೇಟುಗಳನ್ನೆಲ್ಲ ತಂದು ನನ್ನ ಮಡಿಲಲ್ಲಿಟ್ಟರು. ಎಣಿಸಲಿಲ್ಲ, ರಸೀದಿ ಕೇಳಲಿಲ್ಲ. ತಮಿಳ್‌ಸೆಲ್ವಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಿಜ್ವಾಗ್ಲೂ ಬರ್ಲಿಲ್ವಾ ಅಕ್ಕಾ?" ಎಂದು ಒಂದೇ ಸಲ ಕೇಳಿದಳು. ಕೆಲಸಕ್ಕೆ ಹೋಗುತ್ತೇನೆಂದಿದ್ದವಳನ್ನು ಒಪ್ಪಿಸುವುದು ಕಷ್ಟವಾಗಬಹುದು ಎಂದುಕೊಂಡಿದ್ದೆ. "ನಾನೇ ನಿನ್ನ ಗೈಡ್ ಆಗ್ತೀನಿ" ಅಂದೆ. ಅಷ್ಟಕ್ಕೇ ಒಪ್ಪಿದಳು.

ಎರಡು ದಿನದಲ್ಲಿ ಸೇರಿಸಿದೆವು. ಅವಳ ಕಾಗದಗಳಿಗೆ ಹೊಸ ನೀಲಿ ಫೈಲು ಮಾಡಿ ಬೀರುವಿನಲ್ಲಿಟ್ಟರು. ಕರೆಸ್ಪಾಂಡೆಂಟರು ಮಾತಿಗೆ ತಪ್ಪುವವರಲ್ಲ. ಅದೇ ಮಧ್ಯಾಹ್ನ ನನ್ನ ಫೈಲು ಕೈಗೆ ಕೊಟ್ಟರು. ಮನೆಗೆ ತಂದಾಗ ಅಪ್ಪ ಮಗ್ಗದಿಂದ ಎದ್ದು ಬಂದು ಒಂದೊಂದೇ ಕಾಗದವನ್ನು ಪಂಚೆಯ ಅಂಚಿನಿಂದ ಒರೆಸಿದರು. ಎಂ.ಇ. ಪದವಿಪತ್ರದ ಮೂಲೆಯಲ್ಲಿ ಒಂದು ಕಡೆ ತುಕ್ಕಿನ ಕಲೆ ಬಿದ್ದಿದೆ. ಅದನ್ನು ಉಗುರಿನಲ್ಲಿ ಕೆರೆದು ನೋಡಿದರು, ಹೋಗಲಿಲ್ಲ. "ಪರ್ವಾಗಿಲ್ಲ, ಅಕ್ಸರ ಚೆನ್ನಾಗೈತೆ" ಅಂದರು. ಅವತ್ತು ಇಡೀ ದಿನ ನನಗೆ ಸಂತೋಷವಾಗಿತ್ತು. ಇದನ್ನೂ ನಿನಗೆ ಮುಚ್ಚುವುದಿಲ್ಲ.

ಸಂತೋಷ ಮಾರನೆಯ ವಾರ ತರಗತಿ ಶುರುವಾಗುವ ತನಕ ಇತ್ತು. ಎಂ.ಇ. ಕ್ಲಾಸಿನಲ್ಲಿ ಅವಳೊಬ್ಬಳೇ. ಹದಿನೆಂಟು ಬೆಂಚು, ಅವಳು ಮುಂದಿನದರಲ್ಲಿ. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರು. ನಾನು ಅದನ್ನು ಕೂಗುತ್ತೇನೆ, ಅವಳು ಎದ್ದು ನಿಂತು "ಯೆಸ್ ಮೇಡಂ" ಎನ್ನುತ್ತಾಳೆ. ಕೂಗದೆ ಬಿಟ್ಟರೆ ನಮಗಿಬ್ಬರಿಗೂ ಇನ್ನೂ ನಾಚಿಕೆಯಾಗುತ್ತದೆ. ಉಳಿದ ಮೇಷ್ಟರು ಬರುವುದೂ ಇಲ್ಲ. ಒಬ್ಬಳಿಗೆ ಯಾಕೆ ಅಂತ ನೋಟ್ಸ್ ಕಳಿಸುತ್ತಾರೆ. ಮೊದಲ ವಾರ ಅವಳು ಲ್ಯಾಬ್ ತೋರಿಸಿ ಎಂದಳು. ಕಾಂಕ್ರೀಟ್ ಒಡೆಯುವ ಯಂತ್ರ ಇದೆ. ಪ್ರತಿ ವರ್ಷ ಆಯುಧಪೂಜೆಗೆ ತೊಳೆದು ವಿಭೂತಿ ಬಳಿದು ಕುಂಕುಮ ಇಡುತ್ತೇವೆ. ಐದು ವರ್ಷದಿಂದ ಓಡಿಲ್ಲ. ಅವಳು ಅದರ ಹಿಡಿಯನ್ನು ತಿರುಗಿಸಿ, ಕೆಳಗೆ ಬಗ್ಗಿ ಎಣ್ಣೆ ಸೋರಿದ್ದನ್ನು ನೋಡಿ, "ಸೀಲ್ ಓಗೈತೆ ಅಕ್ಕಾ, ಬದ್ಲಾಯಿಸಿದ್ರೆ ಸರಿಯಾಯ್ತದೆ" ಅಂದಳು. ಐದು ವರ್ಷದಲ್ಲಿ ನಾನು ಬಗ್ಗಿ ನೋಡಿರಲಿಲ್ಲ.

ನಾನು ಬಿಟ್ಟು ಹೋಗುವ ವಿಷಯ ಅವಳಿಗೆ ಇನ್ನೂ ಹೇಳಿಲ್ಲ. ಗೈಡ್ ಆಗುತ್ತೇನೆಂದು ಕರೆತಂದವಳು ಹದಿನೈದು ದಿನದಲ್ಲಿ ಗಂಟುಮೂಟೆ ಕಟ್ಟುತ್ತೇನೆ. ನೀನು ಬೈ. ಎಷ್ಟು ಬೇಕಾದರೂ ಬೈ, ಕೇಳಿಸಿಕೊಳ್ಳುತ್ತೇನೆ. ಕೊಯಮತ್ತೂರಿಗೆ ಹೋದ ಮೇಲೂ ಶನಿವಾರ ಬಂದು ಅವಳಿಗೆ ಪಾಠ ಹೇಳಿಕೊಡುತ್ತೇನೆ, ಪ್ರಾಜೆಕ್ಟನ್ನು ಆ ಲ್ಯಾಬಿನಲ್ಲೇ ಮಾಡಿಸಲು ಕೇಳುತ್ತೇನೆ ಎಂದೆಲ್ಲ ಯೋಚಿಸಿದ್ದೇನೆ. ಯೋಚಿಸುವಾಗ ನನಗೇ ನಂಬಿಕೆ ಬರುವುದಿಲ್ಲ, ನಿನಗೆ ಹೇಗೆ ಬಂದೀತು.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಬ್ಬರೂ ಆಯುಸ್ಸು ಆರೋಗ್ಯ ಪಡೆದು, ಓದಿದ ಓದು ಕೈಯಲ್ಲಿ ಉಳಿಯುವಂತೆ ಬಾಳಲಿ. ದೊಡ್ಡವಳು ನಿನ್ನಂತೆಯೇ ಕಲ್ಲು ಮಣ್ಣು ಆಡುತ್ತಾಳೆ ಅಂದಿದ್ದೆಯಲ್ಲ, ಆಡಲಿ ಬಿಡು. ಬಿಸಿಲು ಜಾಸ್ತಿ, ನೀರು ಕುಡಿಯುತ್ತಿರು.

ಎಂದೂ ನಿನ್ನವಳೇ ಅಂದುಕೊಂಡಿರುವ,
ಇಂದುಜಾ

ತಾ.ಕ.: ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಕಾಲೇಜಿನಿಂದ. ನಿನ್ನೆ ಕಾಗದ ಮುಗಿಸಿ ಮಡಚಿದೆ, ಕವರಿಗೆ ಹಾಕಲು ಕೈ ಬರಲಿಲ್ಲ. ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಬರೆಯಲೇ ಇಲ್ಲ. ಪಳನಿ ಅಣ್ಣನಿಗೆ ಸೀಟು ಬರಲಿಲ್ಲ ಎಂದು ಹೇಳಿದೆ ಅಂತ ಬರೆದೆನೇ ಹೊರತು, ಸೀಟು ಬರಲಿಲ್ಲ ಎಂದು ಬರೆಯಲಿಲ್ಲ.

ಸೀಟು ಬಂದಿತ್ತು ಸಂಧ್ಯಾ. ಊರಿನಲ್ಲಿ ಸಿಗ್ನಲ್ ಇಲ್ಲವೆಂದು ಅರ್ಜಿಗೆ ನನ್ನ ಮೊಬೈಲ್ ನಂಬರು ಕೊಟ್ಟಿದ್ದೆವು. ಆಗಸ್ಟ್ ಹದಿನಾಲ್ಕು, ಗುರುವಾರ, ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಮೆಸೇಜು ಬಂತು. ನಾವು ಓದಿದ ಕಾಲೇಜು, ನಾವು ಓದಿದ ಕೋರ್ಸು, ಅವಳ ಹೆಸರು. ಶನಿವಾರ ಸಾಯಂಕಾಲ ಐದರೊಳಗೆ ಒಪ್ಪಿಗೆ ಕೊಡಬೇಕು. ನನ್ನ ಫೋನಿನಿಂದ ಒಂದು ಗುಂಡಿ ಒತ್ತಿದ್ದರೆ ಆಗುತ್ತಿತ್ತು. ಸಂಜೆ ಒತ್ತೋಣ ಅಂದುಕೊಂಡೆ. ಶುಕ್ರವಾರ ತಮಿಳ್‌ಸೆಲ್ವಿ ಪೆನ್ನಾಗರಕ್ಕೆ ಇಳಿದು ಬಂದು ಫೋನ್ ಮಾಡಿದಳು, "ಏನಾದ್ರೂ ಬಂತಾ ಅಕ್ಕಾ?" "ಇನ್ನೂ ಇಲ್ಲ ಕಣಮ್ಮ" ಅಂದೆ. ಶನಿವಾರ ಐದು ಗಂಟೆಗೆ ಅಡುಗೆಮನೆಯಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. ಆರೂ ಆಯಿತು. ಮರೆತೆ ಅಂತ ಹೇಳಬಹುದಿತ್ತು. ಮರೆತಿರಲಿಲ್ಲ. ಆ ಸೀಟು ಮುಂದಿನ ಸುತ್ತಿನಲ್ಲಿ ಬೇರೆ ಯಾರಿಗೋ ಹೋಯಿತು. ಎಲ್ಲ ಸುತ್ತೂ ಮುಗಿದಿದೆ, ವಿಚಾರಿಸಿದೆ. ಮೆಸೇಜು ಇನ್ನೂ ನನ್ನ ಫೋನಿನಲ್ಲಿದೆ, ಅಳಿಸಿಲ್ಲ. ಅಳಿಸಿದರೆ ಅದು ಬಂದೇ ಇರಲಿಲ್ಲ ಎಂದು ನನ್ನನ್ನೇ ನಂಬಿಸಿಬಿಡುತ್ತೇನೆ.

ಇದನ್ನು ನಾನು ಬರೆಯುತ್ತಿರುವುದು ಅವಳ ಕ್ಲಾಸಿನಲ್ಲೇ ಕೂತು. ಲೆಕ್ಕ ಕೊಟ್ಟಿದ್ದೇನೆ, ಮಾಡುತ್ತಿದ್ದಾಳೆ. ಈಗ ತಾನೇ ತಲೆ ಎತ್ತಿ ನಕ್ಕು, "ಆ ಸೀಟು ಬರ್ದಿದ್ದೇ ಒಳ್ಳೇದಾಯ್ತು ಅಕ್ಕಾ. ಅಲ್ಲಿ ಅಷ್ಟೊಂದ್ ಜನದಲ್ಲಿ ನನ್ನ ಯಾರ್ ನೋಡ್ತಿದ್ರು? ಇಲ್ಲಿ ನೀನಿದ್ದೀಯ" ಅಂದಳು.

ನಾನು "ಊಂ" ಅಂದೆ.